ಬದಿಗೆ ನಿಲ್ಲುವ ವಿದ್ಯೆ

ಮೋಟಾರು ಬಂಡಿಯ ಚರಿತ್ರೆ ಬರೆದವರೆಲ್ಲರೂ ಅದರ ಓಟವನ್ನೇ ಕುರಿತು ಬರೆದಿದ್ದಾರೆ. ಯಾವ ವರ್ಷ ಯಾರು ಎಷ್ಟು ಮೈಲಿ ಓಡಿಸಿದರು, ಯಾವ ಎಂಜಿನ್ನಿಗೆ ಎಷ್ಟು ಕುದುರೆಗಳ ಬಲ, ಯಾವ ಪಂದ್ಯದಲ್ಲಿ ಯಾರಿಗೆ ಗೆಲವು, ಇವೆಲ್ಲ ಪುಸ್ತಕಗಳಲ್ಲಿ ಸಿಗುತ್ತವೆ. ಆದರೆ ಬಂಡಿಯೆಂದ ಮೇಲೆ ಅದು ಓಡುವ ಹೊತ್ತಿಗಿಂತ ನಿಲ್ಲುವ ಹೊತ್ತೇ ಹೆಚ್ಚಲ್ಲವೆ? ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಓಡಿದ ಕಾರು ಮಿಕ್ಕ ಇಪ್ಪತ್ತಮೂರು ಗಂಟೆ ಎಲ್ಲಾದರೂ ನಿಂತಿರಲೇಬೇಕು. ಆ ನಿಲ್ಲುವ ವಿದ್ಯೆಗೂ ಒಂದು ಚರಿತ್ರೆಯಿದೆ. ಅದು ಓಟದ ಚರಿತ್ರೆಯಷ್ಟು ರೋಚಕವಲ್ಲದಿರಬಹುದು. ಆದರೆ ದಾರಿಯಲ್ಲಿ ನಡೆಯುವವನ ಪಾಲಿಗೆ ಅದರಷ್ಟೇ ಮುಖ್ಯವಾದದ್ದು.

ಎರಡು ಕಾರುಗಳ ನಡುವಿನ ತೆರವಿನಲ್ಲಿ ಮೂರನೆಯದನ್ನು ಹಿಮ್ಮುಖವಾಗಿ ತಂದು, ದಾರಿಗೆ ಸಾಲಾಗಿ ನಿಲ್ಲಿಸುವ ಕ್ರಮಕ್ಕೆ ‘ಪ್ಯಾರಲಲ್ ಪಾರ್ಕಿಂಗ್’ ಎನ್ನುತ್ತಾರೆ. ಮೋಟಾರು ಕಲಿಯುವವರಲ್ಲಿ ಅನೇಕರು ಇದಕ್ಕೆ ಹೆದರುತ್ತಾರೆ. ಏರಿನಲ್ಲಿ ಗೇರು ಬದಲಿಸಲು ಕಲಿತವರು, ಲಾರಿಗಳ ನಡುವೆ ಧೈರ್ಯದಿಂದ ನುಗ್ಗುವವರು ಕೂಡ ಪೇಟೆಯಲ್ಲಿ ಇಂಥ ತೆರವು ಕಂಡರೆ, “ಬೇಡ, ಮುಂದೆ ಎಲ್ಲಾದರೂ ನಿಲ್ಲಿಸೋಣ” ಎಂದು ಸಾಗಿಬಿಡುತ್ತಾರೆ. ಈ ಅಂಜಿಕೆ ಎಲ್ಲಿಂದ ಬಂತು? ಈ ವಿದ್ಯೆ ಯಾಕೆ ಹುಟ್ಟಿತು? ದಕ್ಷಿಣ ಕನ್ನಡದ ಮೂಲೆಯ ಕನ್ಯಾನದಂಥ ಊರಿಗೂ ಇದಕ್ಕೂ ಏನು ಸಂಬಂಧ? ವಿಚಾರಿಸಿ ನೋಡೋಣ.

ಮೊದಲ ‘ಕಾರು’

ಮಂಗಳೂರಿನ ವೆಂಕಟರಮಣ ದೇವಸ್ಥಾನದ ಮುಂದಿನ ಬೀದಿಗೆ ‘ಕಾರ್ ಸ್ಟ್ರೀಟ್’ ಎಂದು ಹೆಸರು. ಹೊಸಬರು ಇದನ್ನು ಮೋಟಾರು ಕಾರುಗಳ ಬೀದಿಯೆಂದು ತಿಳಿಯುವುದುಂಟು. ಇಂಗ್ಲಿಷರು ನಮ್ಮ ತೇರಿಗೇ ‘ಕಾರ್’ ಎಂದದ್ದು; ಅದು ರಥಬೀದಿ. ಮೋಟಾರು ಹುಟ್ಟುವ ಎಷ್ಟೋ ಮೊದಲೇ ನಮ್ಮ ಊರುಗಳಲ್ಲಿ ಒಂದು ದೊಡ್ಡ ‘ಕಾರು’ ವರ್ಷಕ್ಕೊಮ್ಮೆ ಓಡಿ, ಮತ್ತೆ ಬಂದು ತನ್ನ ಜಾಗದಲ್ಲೇ ನಿಲ್ಲುತ್ತಿತ್ತು.

ತೇರೆಳೆಯುವುದನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತು. ಹಗ್ಗ ಹಿಡಿದು ಎಳೆಯುವವರು ನೂರಾರು ಮಂದಿಯಾದರೂ ತೇರಿನ ದಿಕ್ಕು ಅವರ ಕೈಯಲ್ಲಿಲ್ಲ. ಗಾಲಿಯ ಬುಡದಲ್ಲಿ ಮರದ ಅಡೆತುಂಡು ಹಿಡಿದು ಬಗ್ಗಿಕೊಂಡು ನಡೆಯುವ ನಾಲ್ಕಾರು ಮಂದಿಯ ಕೈಯಲ್ಲಿದೆ. ತೇರಿಗೆ ಸ್ಟೇರಿಂಗಿಲ್ಲ. ಒಂದು ಗಾಲಿಗೆ ಅಡೆ ಕೊಟ್ಟರೆ ಮತ್ತೊಂದು ಗಾಲಿ ಮುಂದೆ ಹೋಗಿ ತೇರು ತಿರುಗುತ್ತದೆ. ಎರಡಕ್ಕೂ ಕೊಟ್ಟರೆ ನಿಲ್ಲುತ್ತದೆ. ಅದು ಅಪಾಯದ ಕೆಲಸ. ಗಾಲಿಗೂ ಕೈಗೂ ನಡುವೆ ಇರುವುದು ಒಂದು ಗೇಣು ಮಾತ್ರ. ಆದ್ದರಿಂದಲೇ ಅನುಭವಸ್ಥರಲ್ಲದವರಿಗೆ ಅಡೆ ಹಿಡಿಯಲು ಬಿಡುವುದಿಲ್ಲ. ಭಾರವಾದ ಬಂಡಿಯನ್ನು ಓಡಿಸುವುದಕ್ಕಿಂತ ಸರಿಯಾದ ಜಾಗದಲ್ಲಿ ನಿಲ್ಲಿಸುವುದಕ್ಕೆ ಹೆಚ್ಚಿನ ಕೈ ಬೇಕೆಂಬುದನ್ನು ನಮ್ಮ ಹಿರಿಯರು ತೇರಿನಿಂದಲೇ ತಿಳಿದಿದ್ದರು.

ಗಾಡಿಗೂ ಮೋಟಾರಿಗೂ ಇರುವ ಅಂತರ

ತೇರು ವರ್ಷಕ್ಕೊಮ್ಮೆಯ ಮಾತು. ದಿನನಿತ್ಯದ್ದು ಎತ್ತಿನ ಗಾಡಿ. ಗಾಡಿಗೆ ಒಂದೇ ಅಚ್ಚು, ಎರಡೇ ಗಾಲಿ. ಒಂದು ಗಾಲಿ ನಿಂತಲ್ಲೇ ನಿಂತು ಮತ್ತೊಂದು ಸುತ್ತಿದರೆ ಸಾಕು, ಗಾಡಿ ನಿಂತ ನೆಲದಲ್ಲೇ ತಿರುಗಿಬಿಡುತ್ತದೆ. ಬದಿಗೆ ನಿಲ್ಲಿಸಬೇಕಾದರೆ ಎತ್ತುಗಳ ಕೊರಳು ಬಿಡಿಸಿ, ಮೂಕಿಯನ್ನು ನೆಲಕ್ಕೂರಿ, ಇಬ್ಬರು ಹಿಡಿದು ದೂಡಿದರಾಯಿತು. ಗಾಡಿ ಹೊಡೆಯುವವನಿಗೆ ನಿಲ್ಲಿಸುವುದು ಒಂದು ಸಮಸ್ಯೆಯೇ ಆಗಿರಲಿಲ್ಲ.

ನಾಲ್ಕು ಗಾಲಿಯ ಬಂಡಿಯ ವಿಷಯ ಬೇರೆ. ಮುಂದಿನ ಎರಡು ಗಾಲಿಗಳನ್ನು ಒಂದೇ ಅಚ್ಚಿಗೆ ಬಿಗಿದು, ಆ ಅಚ್ಚನ್ನೇ ನಡುವಿನ ಮೊಳೆಯ ಸುತ್ತ ತಿರುಗಿಸಿದರೆ ಬಂಡಿ ಮಗುಚುವ ಭಯ. ಇದಕ್ಕೆ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಸಾರೋಟು ಕಟ್ಟುತ್ತಿದ್ದ ಲ್ಯಾಂಕೆನ್‌ಸ್ಪರ್ಗರ್ ಎಂಬಾತ ಒಂದು ಉಪಾಯ ಕಂಡುಹಿಡಿದ. ಅಚ್ಚು ಅಲ್ಲಾಡದೆ ಒಂದೊಂದು ಗಾಲಿಯೂ ತನ್ನ ತನ್ನ ಕೀಲಿನ ಮೇಲೆ ತಿರುಗಬೇಕು. ತಿರುವಿನ ಒಳಬದಿಯ ಗಾಲಿ ಹೆಚ್ಚು, ಹೊರಬದಿಯದು ಕಡಿಮೆ ತಿರುಗಬೇಕು. ಲಂಡನ್ನಿನಲ್ಲಿ ಅವನ ಪರವಾಗಿ ರುಡಾಲ್ಫ್ ಆಕರ್ಮನ್ 1818ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದ. ಕಂಡುಹಿಡಿದವನೊಬ್ಬ, ಹೆಸರು ನಿಂತದ್ದು ಮತ್ತೊಬ್ಬನದು. ಇಂದಿಗೂ ಇದು ಆಕರ್ಮನ್ ಕ್ರಮವೆಂದೇ ಪ್ರಸಿದ್ಧ. ಕುದುರೆ ಸಾರೋಟಿಗಾಗಿ ಹುಟ್ಟಿದ ಈ ಉಪಾಯ ಮುಂದೆ ಮೋಟಾರಿಗೆ ಒದಗಿತು.

ನಿಲ್ಲಿಸುವ ಕಷ್ಟದ ಮೂಲ ಇಲ್ಲಿದೆ. ಕಾರಿನ ಮುಂದಿನ ಗಾಲಿಗಳು ತಿರುಗುತ್ತವೆ, ಹಿಂದಿನವು ತಿರುಗುವುದಿಲ್ಲ. ಮುಂದಕ್ಕೆ ಹೋಗುವಾಗ ಮೂತಿ ಮೊದಲು ತಿರುಗಿ, ಬಾಲ ಅದನ್ನು ಒಳಗಿನಿಂದ ಹಿಂಬಾಲಿಸುತ್ತದೆ. ಆದ್ದರಿಂದ ಇಕ್ಕಟ್ಟಾದ ತೆರವಿಗೆ ಮುಂದಾಗಿ ನುಗ್ಗಿದರೆ ಮೂತಿ ಒಳಗೆ ಹೋಗುತ್ತದೆ, ಬಾಲ ದಾರಿಯಲ್ಲೇ ಉಳಿಯುತ್ತದೆ. ಹಿಮ್ಮುಖವಾಗಿ ಹೋದರೆ ಅದೇ ಕಾರಿನ ಗುಣ ಬದಲಾಗುತ್ತದೆ. ಈಗ ತಿರುಗುವ ಗಾಲಿಗಳು ಹಿಂದೆ ಬಿದ್ದವು. ಹಿಂದೆ ಚುಕ್ಕಾಣಿಯಿರುವ ದೋಣಿಯಂತೆ ಕಾರು ವರ್ತಿಸತೊಡಗುತ್ತದೆ. ದೋಣಿ ಧಕ್ಕೆಗೆ ಮೈ ತಾಗಿಸಿ ನಿಲ್ಲುವುದನ್ನು ನೋಡಿದ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಗಬೇಕಾದ ತುದಿ ಮೊದಲು ಹೋಗುತ್ತದೆ. ತಿರುಗಬಲ್ಲ ತುದಿ ಆಮೇಲೆ ಬೀಸಿಕೊಂಡು ಬಂದು ಸೇರುತ್ತದೆ. ಪ್ಯಾರಲಲ್ ಪಾರ್ಕಿಂಗಿನ ಗುಟ್ಟೆಲ್ಲ ಇಷ್ಟೇ.

ವಿಚಿತ್ರವೆಂದರೆ ಕಾರ್ಲ್ ಬೆಂಜ್ 1886ರಲ್ಲಿ ಹಕ್ಕುಪತ್ರ ಪಡೆದ ಮೊದಲ ಮೋಟಾರು ಬಂಡಿಗೆ ಹಿಂದೆ ಹೋಗುವ ಶಕ್ತಿಯೇ ಇರಲಿಲ್ಲ. ಅದಕ್ಕೆ ಮೂರೇ ಗಾಲಿ, ಹಿಮ್ಮುಖದ ಗೇರಿಲ್ಲ. 1888ರಲ್ಲಿ ಆತನ ಹೆಂಡತಿ ಬರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು ಅಂಥದೇ ಬಂಡಿಯಲ್ಲಿ ಮಾನ್‌ಹೈಮಿನಿಂದ ಫೋರ್ಜ್‌ಹೈಮಿನ ತನಕ 100 ಕಿಲೋಮೀಟರಿಗೂ ಹೆಚ್ಚು ದೂರ ಹೋದ ಕಥೆ ಪ್ರಸಿದ್ಧವಾಗಿದೆ. ಏರಿನಲ್ಲಿ ಮಕ್ಕಳು ಇಳಿದು ದೂಡಿದರಂತೆ. ಹಿಂದಕ್ಕೆ ಸರಿಸಬೇಕಾದಾಗಲೂ ದೂಡುವುದೇ ಗತಿ. ಮುಂದೆ ಹೋಗುವ ಉತ್ಸಾಹದಲ್ಲಿ ಹಿಂದೆ ಸರಿಯುವ ಮಾತು ಮೊದಲಿಗರ ಮನಸ್ಸಿಗೆ ಬಾರದೆ ಹೋದದ್ದು ಆಶ್ಚರ್ಯವಲ್ಲ; ಮನುಷ್ಯ ಸ್ವಭಾವವೇ ಹಾಗೆ.

ಕರಾವಳಿಗೆ ಮೋಟಾರು ಬಂದಾಗ

ನಮ್ಮ ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. 1907ರಲ್ಲಿ ಮಂಗಳೂರಿಗೆ ರೈಲು ಬಂತು. ಅದೇ ವರ್ಷ ಮದರಾಸು ಸರಕಾರ ಮೋಟಾರು ವಾಹನಗಳಿಗೆಂದು ಒಂದು ಕಾಯಿದೆ ಮಾಡಿತು. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಹುಟ್ಟಿ, ಸಿ. ಪಿ. ಸಿ. ಎಂಬ ಮೂರಕ್ಷರ ಜಿಲ್ಲೆಯ ಮನೆಮಾತಾಯಿತು. ಮುಂದೆ ಅದರ ಚುಕ್ಕಾಣಿ ಹಿಡಿದವರಲ್ಲಿ ವಿ. ಎಸ್. ಕುಡ್ವರು ಮುಖ್ಯರು, 1941ರಲ್ಲಿ ಆರಂಭವಾದ ‘ನವಭಾರತ’ ಪತ್ರಿಕೆಯೂ ಅವರದೇ. ಅದೇ ಸುಮಾರಿಗೆ, 1914ರಲ್ಲಿ, ಪಾಣೆಮಂಗಳೂರಿನಲ್ಲಿ ನೇತ್ರಾವತಿಗೆ ಉಕ್ಕಿನ ಸೇತುವೆಯಾಯಿತು. ಹೊಳೆಯಾಚೆಯ ವಿಟ್ಲ ಸೀಮೆಗೆ ಗಾಲಿಯ ದಾರಿ ತೆರೆಯಿತು. ಕನ್ಯಾನ ಆ ಸೀಮೆಯ ತೆಂಕಣ ಅಂಚಿನ ಊರು. ಗುಡ್ಡೆ, ಬೈಲು, ಅಡಿಕೆ ತೋಟ, ಒಂದು ಪುಟ್ಟ ಪೇಟೆ. ಅದರಾಚೆ ಕಾಸರಗೋಡು ನಾಡು.

ಸೇತುವೆಯಿಲ್ಲದ ಹೊಳೆಗಳಲ್ಲಿ ಮೋಟಾರನ್ನು ಜೋಡುದೋಣಿಯ ಮೇಲೆ ಹಲಗೆ ಹಾಸಿ ದಾಟಿಸುವ ಪದ್ಧತಿ ಕರಾವಳಿಯಲ್ಲಿ ಬಹುಕಾಲ ಇತ್ತು. ಗಾಲಿಯ ಅಗಲಕ್ಕೆ ಸರಿಯಾದ ಎರಡು ಹಲಗೆಗಳ ಮೇಲೆ ಬಂಡಿಯನ್ನು ಏರಿಸಬೇಕು. ಒಂದು ಗೇಣು ತಪ್ಪಿದರೆ ಹೊಳೆ. ನಿಧಾನ, ಅಂದಾಜು, ಎದುರಿಗೆ ನಿಂತು ಕೈಸನ್ನೆ ಮಾಡುವವನಲ್ಲಿ ನಂಬಿಕೆ, ಈ ಮೂರನ್ನೂ ಚಾಲಕ ಅಲ್ಲಿ ಕಲಿಯಲೇಬೇಕಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ತತ್ವಾರ ಬಂದು, ಬಸ್ಸಿನ ಹಿಂಬದಿಗೆ ಇದ್ದಲಿನ ಗ್ಯಾಸಿನ ಒಲೆ ಕಟ್ಟಿದಾಗ ಹಿಂದಿನ ನೋಟವೂ ಮುಚ್ಚಿಹೋಯಿತು. ಆಗ ಬಸ್ಸು ಹಿಂದೆ ಸರಿಯಬೇಕಾದರೆ ಕ್ಲೀನರೇ ಕಣ್ಣು. ಅವನು ಹಿಂದೆ ನಿಂತು ತಗಡಿಗೆ ಕೈಯಿಂದ ಬಡಿಯುತ್ತ “ಬರ್ಲಿ, ಬರ್ಲಿ” ಎಂದರೆ ಬರಬೇಕು. “ಹೋಲ್ಡಾನ್” ಎಂದರೆ ನಿಲ್ಲಬೇಕು. ಏರಿನಲ್ಲಿ ಬಸ್ಸು ನಿಂತೊಡನೆ ಅವನು ಹಾರಿಳಿದು ಗಾಲಿಗೆ ಕಲ್ಲು ಕೊಡುತ್ತಿದ್ದ. ತೇರಿನ ಅಡೆ ಹಿಡಿದವನ ಕೆಲಸವೇ ಮೋಟಾರಿನ ಕಾಲಕ್ಕೆ ಹೀಗೆ ಮುಂದುವರಿಯಿತು.

ಆದ್ದರಿಂದ ನಮ್ಮಲ್ಲಿ ಬಂಡಿ ನಿಲ್ಲಿಸುವುದು ಬಹುಕಾಲ ಇಬ್ಬರ ವಿದ್ಯೆಯಾಗಿತ್ತು. ಒಬ್ಬ ಒಳಗೆ, ಒಬ್ಬ ಹೊರಗೆ. ಸ್ವಂತ ಕಾರು ಬಂದಾಗ ಹೊರಗಿನವನು ಇಲ್ಲವಾದ. ಈಗ ಕಲಿಯುವವನು ಇಬ್ಬರ ಕೆಲಸವನ್ನೂ ಒಬ್ಬನೇ ಮಾಡಬೇಕು. ಅವನ ಅಂಜಿಕೆಗೆ ಚರಿತ್ರೆ ಕೊಡುವ ಒಂದು ಕಾರಣ ಇದು.

ಕಾಯಿದೆ ಕೇಳಿದ್ದೇನು?

ಪ್ರಾಂತಕ್ಕೊಂದರಂತಿದ್ದ ನಿಯಮಗಳನ್ನು ತೆಗೆದು ಇಡೀ ದೇಶಕ್ಕೆ ಅನ್ವಯಿಸುವ ಮೊದಲ ಮೋಟಾರು ಕಾಯಿದೆ ಆದದ್ದು 1914ರಲ್ಲಿ. ಪರವಾನಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಓಡಿಸಬಾರದು, ಹದಿನೆಂಟು ತುಂಬದವರು ಓಡಿಸಬಾರದು ಎಂಬ ನಿಯಮಗಳು ಅದರಲ್ಲಿದ್ದವು. ಇಂಗ್ಲೆಂಡಿನಲ್ಲಿ ಚಾಲನೆಯ ಪರೀಕ್ಷೆ ಕಡ್ಡಾಯವಾದದ್ದು 1935ರಲ್ಲಿ. ನಮ್ಮಲ್ಲಿ 1939ರ ಮೋಟಾರು ವಾಹನಗಳ ಕಾಯಿದೆ ಪರೀಕ್ಷೆಯ ವಿವರಗಳನ್ನು ಪಟ್ಟಿಮಾಡಿತು. ಬಂಡಿಯನ್ನು ಹಿಮ್ಮುಖವಾಗಿ ನಡೆಸಿ ಬಲಕ್ಕೋ ಎಡಕ್ಕೋ ಇರುವ ಇಕ್ಕಟ್ಟಾದ ಸ್ಥಳದೊಳಗೆ ಹೊಗಿಸಬಲ್ಲನೆ ಎಂದು ನೋಡಬೇಕೆಂಬುದು ಆ ಪಟ್ಟಿಯಲ್ಲಿ ಒಂದು. 1988ರ ಹೊಸ ಕಾಯಿದೆ ಬಂದ ಮೇಲೆ, 1989ರ ಕೇಂದ್ರ ನಿಯಮಗಳಲ್ಲಿಯೂ ಈ ಬೇಡಿಕೆ ಉಳಿಯಿತು. ಬಂಡಿ ಹತೋಟಿಯಲ್ಲಿರಬೇಕು, ತಕ್ಕಮಟ್ಟಿಗೆ ಕರಾರುವಾಕ್ಕಾಗಿ ಹೊಗಬೇಕು ಎಂಬ ಮಾತೂ ಅಲ್ಲಿದೆ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಇಕ್ಕಟ್ಟಾದ ಸ್ಥಳಕ್ಕೆ ಹಿಮ್ಮುಖವಾಗಿ ಹೊಗುವುದೆಂದರೆ ದಾರಿಬದಿಯಲ್ಲಿ ಎರಡು ಕಾರುಗಳ ನಡುವೆ ನಿಲ್ಲುವುದೇ ಆಗಬೇಕೆಂದಿಲ್ಲ. ಗೇಟಿನೊಳಗೆ ಹೋದರೂ ಆದೀತು, ಗಲ್ಲಿಗೆ ಹೋದರೂ ಆದೀತು. ಹೀಗಾಗಿ ಅಳತೆಗೋಲುಗಳನ್ನು ನೆಟ್ಟು ಇಂಗ್ಲಿಷಿನ ‘ಎಚ್’ ಅಕ್ಷರದ ಆಕಾರದಲ್ಲಿ ಹಿಂದೆ ಮುಂದೆ ಓಡಿಸುವುದು ಹಲವೆಡೆ ಪರೀಕ್ಷೆಯ ರೂಢಿಯಾಯಿತು. ‘ಎಚ್’ ಬಿಡಿಸಿದವನಿಗೆ ಲೈಸನ್ಸು ಸಿಕ್ಕಿತು. ಆದರೆ ಯಾವ ಪೇಟೆಯಲ್ಲಿಯೂ ‘ಎಚ್’ ಆಕಾರದ ಬೀದಿಯಿಲ್ಲ. ಇಂಗ್ಲೆಂಡು ಕೂಡ ದಾರಿಬದಿಯಲ್ಲಿ ಹಿಮ್ಮುಖವಾಗಿ ನಿಲ್ಲಿಸುವುದನ್ನು ಪರೀಕ್ಷೆಗೆ ಸೇರಿಸಿದ್ದು 1991ರಲ್ಲಿ, ಅಂದರೆ ಪರೀಕ್ಷೆ ಕಡ್ಡಾಯವಾಗಿ ಐವತ್ತಾರು ವರ್ಷ ಕಳೆದ ಮೇಲೆ. ಅಮೆರಿಕದ ಮೇರಿಲೆಂಡ್ ಸಂಸ್ಥಾನ 2015ರಲ್ಲಿ ಅದನ್ನು ಪರೀಕ್ಷೆಯಿಂದ ತೆಗೆದುಹಾಕಿತು. ಓಡುವುದರ ಬಗ್ಗೆ ಜಗತ್ತಿಗೆ ಒಮ್ಮತವಿದೆ. ನಿಲ್ಲುವುದರ ಬಗ್ಗೆ ಇನ್ನೂ ಇಲ್ಲ.

ಚೌಕಟ್ಟು ಹುಟ್ಟಿದ ಬಗೆ

ಸಾಲಾಗಿ ನಿಲ್ಲಿಸುವುದು ನಗರಗಳ ಅವಶ್ಯಕತೆಯಿಂದ ಹುಟ್ಟಿದ್ದು. ಕುದುರೆ ಗಾಡಿಗಳ ಕಾಲದಲ್ಲಿ ಅಂಗಡಿಯ ಮುಂದೆ ಗಾಡಿಯನ್ನು ಹೇಗೆ ಬೇಕೆಂದರೆ ಹಾಗೆ ನಿಲ್ಲಿಸುತ್ತಿದ್ದರು. ಬೀದಿ ಅಗಲವಾಗಿದ್ದರೆ ಕಾರುಗಳನ್ನು ಓರೆಯಾಗಿ ನಿಲ್ಲಿಸಬಹುದು. ಹೆಚ್ಚು ಕಾರು ಹಿಡಿಯುತ್ತದೆ, ನಿಲ್ಲಿಸುವುದೂ ಸುಲಭ. ಆದರೆ ಓರೆಯಾಗಿ ನಿಂತ ಕಾರು ಬೀದಿಯ ಅಗಲವನ್ನು ನುಂಗುತ್ತದೆ; ಹೊರಡುವಾಗ ಹಿಂದಿನಿಂದ ಬರುವವರು ಕಾಣದೆ ದಾರಿಗೆ ಬಾಲ ಚಾಚುತ್ತದೆ. ಸಾಲಾಗಿ ನಿಂತರೆ ಒಂದೇ ಕಾರಿನ ಅಗಲ ಸಾಕು. ಇಕ್ಕಟ್ಟಿನ ಬೀದಿಗಳಲ್ಲಿ ಇದೇ ಗೆದ್ದಿತು.

ಆ ಸಾಲಿಗೆ ಅಳತೆ ಬಂದದ್ದು ದುಡ್ಡಿನ ಮೂಲಕ. ಅಮೆರಿಕದ ಒಕ್ಲಹೋಮ ನಗರದಲ್ಲಿ ಕಾರ್ಲ್ ಮಗೀ ಎಂಬ ಪತ್ರಿಕಾಕರ್ತನ ಪ್ರಯತ್ನದಿಂದ 1935ರ ಜುಲೈ 16ರಂದು ಮೊದಲ ಪಾರ್ಕಿಂಗ್ ಮೀಟರನ್ನು ನೆಟ್ಟರು. ಗಂಟೆಗೆ ಐದು ಸೆಂಟು. ಬೆಳಗ್ಗೆ ಬಂದವರು ಸಂಜೆಯ ತನಕ ಜಾಗ ಬಿಡದೆ, ಅಂಗಡಿಗೆ ಬರುವವರಿಗೆ ನಿಲ್ಲಲು ಎಡೆಯಿಲ್ಲವೆಂಬುದೇ ಅದಕ್ಕೆ ಕಾರಣ. ಮೀಟರುಗಳನ್ನು 20 ಅಡಿಗೊಂದರಂತೆ ನೆಟ್ಟು, ನೆಲದ ಮೇಲೆ ಬಣ್ಣದ ಗೆರೆ ಎಳೆದರು. ಆ ಗೆರೆಗಳೊಳಗೆ ನಿಲ್ಲಬೇಕಾಯಿತು, ನಿಲ್ಲಲು ಕಲಿಯಬೇಕಾಯಿತು. ಇಂದು ನಮ್ಮ ಪೇಟೆಗಳಲ್ಲಿ ಕಾಣುವ ಬಿಳಿಗೆರೆಯ ಚೌಕಟ್ಟುಗಳು ಅದೇ ವಂಶದವು.

ಈ ಕಷ್ಟವನ್ನು ಯಂತ್ರದಿಂದಲೇ ಕಳೆಯಬೇಕೆಂದು ಹೊರಟವರೂ ಇದ್ದರು. ಬ್ರೂಕ್ಸ್ ವಾಕರ್ ಎಂಬ ಅಮೆರಿಕನ್ ಕಾರಿನ ಹಿಂಬದಿಯಲ್ಲಿ ಐದನೆಯ ಗಾಲಿಯನ್ನು ಅಡ್ಡಲಾಗಿ ಜೋಡಿಸಿ, ಅದನ್ನು ನೆಲಕ್ಕಿಳಿಸಿ ಬಾಲವನ್ನು ಬದಿಗೆ ಎಳೆಯುವ ಏರ್ಪಾಡು ಮಾಡಿದ. ಜನ ನೋಡಿ ಮೆಚ್ಚಿದರು, ಕೊಳ್ಳಲಿಲ್ಲ. 2003ರಲ್ಲಿ ಜಪಾನಿನ ಟೊಯೋಟ ಕಂಪನಿ ತಾನಾಗಿಯೇ ಸ್ಟೇರಿಂಗ್ ತಿರುಗಿಸಿ ನಿಲ್ಲುವ ಕಾರನ್ನು ಮಾರುಕಟ್ಟೆಗೆ ತಂದಿತು. ಆದರೂ ಮನುಷ್ಯನ ಕತ್ತು ಹಿಂದೆ ತಿರುಗಬೇಕಾದ ಅಗತ್ಯ ಇನ್ನೂ ಮುಗಿದಿಲ್ಲ.

ಲೆಕ್ಕ ಮತ್ತು ಕೈಚಳಕ

ಎಷ್ಟು ತೆರವಿದ್ದರೆ ಒಂದು ಕಾರು ಹೊಗುತ್ತದೆ? ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನ ಗಣಿತಜ್ಞ ಸೈಮನ್ ಬ್ಲ್ಯಾಕ್‌ಬರ್ನ್ 2009ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಕಾರು ಎಷ್ಟು ಸಣ್ಣ ವೃತ್ತದಲ್ಲಿ ತಿರುಗಬಲ್ಲದು, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ಎಷ್ಟು ಅಂತರ, ಮುಂದಿನ ಗಾಲಿಯಿಂದ ಮೂತಿ ಎಷ್ಟು ಚಾಚಿದೆ, ಎದುರು ನಿಂತ ಕಾರಿನ ಅಗಲವೆಷ್ಟು ಎಂಬ ನಾಲ್ಕು ಅಳತೆಗಳಿದ್ದರೆ ಸಾಕು. ಮಿಕ್ಕದ್ದೆಲ್ಲ ಪೈಥಾಗೊರಸನ ಪ್ರಮೇಯ.

ನಮ್ಮವೇ ಎರಡು ಕಾರುಗಳಿಗೆ ಈ ಲೆಕ್ಕ ಹಾಕಿ ನೋಡಬಹುದು. ಸುಮಾರು 4.3 ಮೀಟರ್ ಉದ್ದದ ಅಂಬಾಸಿಡರ್, 5.4 ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗುತ್ತಿತ್ತು. ತನ್ನ ಉದ್ದಕ್ಕಿಂತ ಸುಮಾರು 1.6 ಮೀಟರ್ ಹೆಚ್ಚು ತೆರವಿಲ್ಲದೆ ಅದು ಒಂದೇ ಸರದಿಗೆ ಹೊಗದು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, ಮೂರೂಕಾಲು ಮೀಟರಿಗೆ ತುಸು ಹೆಚ್ಚು ಉದ್ದ. ತಿರುಗುವ ತ್ರಿಜ್ಯ 4.4 ಮೀಟರ್. ಅದಕ್ಕೆ ಸುಮಾರು 1.3 ಮೀಟರ್ ಹೆಚ್ಚಿದ್ದರೆ ಸಾಕು. ಒಟ್ಟಿನಲ್ಲಿ ಅಂಬಾಸಿಡರಿಗೆ ಸುಮಾರು ಆರು ಮೀಟರ್, ಮಾರುತಿಗೆ ನಾಲ್ಕೂವರೆ ಮೀಟರಿಗೆ ತುಸು ಹೆಚ್ಚು. ಮಧ್ಯಮ ವರ್ಗದ ಮನೆಗಳಿಗೆ ಕಾರು ಬಂದದ್ದು ಮಾರುತಿಯಿಂದ ಎನ್ನುತ್ತೇವೆ. ಬೆಲೆ ಅದಕ್ಕೆ ಮುಖ್ಯ ಕಾರಣ, ನಿಜ. ಆದರೆ ಬಿಗಿಯಾದ ಸ್ಟೇರಿಂಗನ್ನು ತೋಳುಬಲದಿಂದ ತಿರುಗಿಸಬೇಕಾಗಿದ್ದ ಹಳೆಯ ಭಾರದ ಬಂಡಿಗಳ ಎದುರು, ಇಷ್ಟು ಹಗುರವಾಗಿ ಇಷ್ಟು ಸಣ್ಣ ಜಾಗದಲ್ಲಿ ನಿಲ್ಲುವ ಬಂಡಿ ಬಂದದ್ದೂ ಸಣ್ಣ ಮಾತಲ್ಲ.

ಲೆಕ್ಕ ಹೇಳುವುದು ಅತಿ ಕಡಿಮೆಯ ಮಿತಿಯನ್ನು. ಕಲಿಯುವವನು ಕಾರಿನ ಒಂದೂವರೆಯಷ್ಟು ಉದ್ದದ ತೆರವನ್ನು ಆರಿಸಿಕೊಳ್ಳಬೇಕು. ನಮ್ಮದು ಎಡಬದಿಯಲ್ಲಿ ನಡೆಯುವ ದಾರಿ; ಆದ್ದರಿಂದ ನಿಲ್ಲುವುದೂ ಎಡಕ್ಕೆ. ಮುಂದೆ ನಿಂತ ಕಾರಿನ ಪಕ್ಕಕ್ಕೆ, ಎರಡು ಮೂರು ಅಡಿ ಅಂತರ ಬಿಟ್ಟು, ಎರಡರ ಹಿಂಬದಿಯೂ ಒಂದೇ ಸಾಲಿಗೆ ಬರುವಂತೆ ನಿಲ್ಲಬೇಕು. ಎಡಗಡೆಯ ದೀಪ ಹಾಕಿ, ಮೂರು ಕನ್ನಡಿಗಳನ್ನೂ ನೋಡಿ, ಕತ್ತು ತಿರುಗಿಸಿ ಹಿಂದಿನ ಗಾಜಿನಿಂದಲೂ ನೋಡಬೇಕು. ಆಮೇಲೆ ಹಿಮ್ಮುಖದ ಗೇರು. ಅರ್ಧ ಕ್ಲಚ್ಚಿನಲ್ಲಿ, ಮನುಷ್ಯನ ನಡಿಗೆಗಿಂತ ನಿಧಾನವಾಗಿ ಹಿಂದೆ ಬರುತ್ತ ಸ್ಟೇರಿಂಗನ್ನು ಪೂರ್ತಿ ಎಡಕ್ಕೆ. ಕಾರು ದಾರಿಗೆ ಅರ್ಧ ಓರೆಯಾದಾಗ, ಅಂದರೆ ಸುಮಾರು 45 ಡಿಗ್ರಿ ತಿರುಗಿದಾಗ, ಸ್ಟೇರಿಂಗ್ ನೇರ. ನಮ್ಮ ಮೂತಿಯ ಎಡ ಮೂಲೆ ಮುಂದಿನ ಕಾರಿನ ಹಿಂಬದಿಯನ್ನು ದಾಟುವ ತನಕ ಹಾಗೆಯೇ ಬಂದು, ದಾಟಿದೊಡನೆ ಪೂರ್ತಿ ಬಲಕ್ಕೆ. ಮೂತಿ ಬೀಸಿಕೊಂಡು ಒಳಗೆ ಬರುತ್ತದೆ. ಆ ಬೀಸುವ ಹೊತ್ತಿನಲ್ಲಿ ಎದುರನ್ನೂ ಬದಿಯನ್ನೂ ಮರೆಯಬಾರದು. ಎಡ ಗಾಲಿಗಳು ಅಂಚಿನಿಂದ ಒಂದು ಅಡಿ ದೂರದಲ್ಲಿ ನಿಂತರೆ ಚೆನ್ನಾಯಿತು.

ಸರಿಬಾರದಿದ್ದರೆ ನಾಚಿಕೆ ಬೇಡ. ಹೊರಗೆ ತೆಗೆದು ಮತ್ತೆ ಮಾಡುವುದೇ ಕಲಿಕೆ. ಅಲ್ಲಲ್ಲಿಯೇ ಒದ್ದಾಡಿ ಸರಿಮಾಡಹೊರಟರೆ ತಪ್ಪು ಹೆಚ್ಚುತ್ತದೆ. ನಿಂತ ಮೇಲೆ ಹ್ಯಾಂಡ್ ಬ್ರೇಕು, ಎಂಜಿನ್ ಬಂದ್. ಏರಿಗೆ ಮುಖ ಮಾಡಿದ್ದರೆ ಮೊದಲ ಗೇರು, ಇಳಿಜಾರಿಗಾದರೆ ಹಿಮ್ಮುಖದ ಗೇರು. ಗುಡ್ಡೆಯ ಊರಾದರೆ ಗಾಲಿಗೊಂದು ಕಲ್ಲು. ಹಳೆಯ ಕ್ಲೀನರಿನ ಬುದ್ಧಿ ಹಳತಾಗಿಲ್ಲ. ಕೊನೆಯದಾಗಿ, ನಮ್ಮ ಚಾಲಕ ಕೂರುವುದು ಬಲಕ್ಕೆ. ಅವನ ಬಾಗಿಲು ತೆರೆಯುವುದು ದಾರಿಗೆ. ಎಡಗೈಯಿಂದ ಬಾಗಿಲು ತೆರೆದರೆ ಮೈ ತಾನಾಗಿ ತಿರುಗಿ, ಹಿಂದಿನಿಂದ ಬರುವ ಸೈಕಲ್ಲಿನವನು ಕಣ್ಣಿಗೆ ಬೀಳುತ್ತಾನೆ. ಚೆನ್ನಾಗಿ ನಿಲ್ಲಿಸಿ, ಇಳಿಯುವಾಗ ಒಬ್ಬನನ್ನು ಬೀಳಿಸಿದರೆ ಏನು ಬಂತು?

ಗಡಿಯ ಎರಡು ಮಗ್ಗುಲು

ಕನ್ಯಾನದ ಕಡೆಯ ಊರುಗಳಲ್ಲಿ ಮೋಟಾರು ಕಲಿಯಲು ಹೇಳಿ ಮಾಡಿಸಿದ ಜಾಗಗಳೆಂದರೆ ಶಾಲೆಯ ಮೈದಾನ, ಇಲ್ಲವೆ ಮುರಕಲ್ಲಿನ ಪದವು. ಪದವಿನಲ್ಲಿ ಮನಬಂದಂತೆ ತಿರುಗಿಸಬಹುದು. ಆದರೆ ಅಲ್ಲಿ ಅಂಚಿಲ್ಲ, ಗೆರೆಯಿಲ್ಲ, ಹಿಂದೆ ಮುಂದೆ ಕಾರಿಲ್ಲ. ಅಲ್ಲಿ ಕಲಿತವನು ವಿಟ್ಲದ ಪೇಟೆಗೋ ಬಿ. ಸಿ. ರೋಡಿಗೋ ಮಂಗಳೂರಿನ ಹಂಪನಕಟ್ಟೆಗೋ ಬಂದಾಗ ಕೈ ನಡುಗುವುದು ಸಹಜ. ನಮ್ಮ ಒಳನಾಡಿನ ದಾರಿಗಳ ಕಷ್ಟವೇ ಬೇರೆ: ಒಂದು ಬದಿಗೆ ದರೆ, ಮತ್ತೊಂದು ಬದಿಗೆ ಮಳೆನೀರಿನ ಕಣಿ, ನಡುವೆ ಕಿರಿದಾದ ಡಾಮರು. ಇಲ್ಲಿ ಅಂಚನ್ನು ತಪ್ಪಾಗಿ ಅಂದಾಜು ಮಾಡಿದರೆ ಬಣ್ಣ ಕೆರೆಯುವುದಿಲ್ಲ, ಗಾಲಿಯೇ ಕಣಿಗಿಳಿಯುತ್ತದೆ. ಪದವಿನಲ್ಲಿಯೇ ನಾಲ್ಕು ಅಡಿಕೆ ಸಲಾಕೆ ನೆಟ್ಟು, ಅವುಗಳನ್ನೇ ಎರಡು ಕಾರುಗಳೆಂದು ಭಾವಿಸಿ ಅಭ್ಯಾಸ ಮಾಡಿದರೆ ಯಾರಿಗೂ ನಷ್ಟವಿಲ್ಲ. ಸಲಾಕೆ ಬಿದ್ದರೆ ಮತ್ತೆ ನೆಡಬಹುದು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಹೋಯಿತು, ಕನ್ಯಾನ ಮೈಸೂರಿನಲ್ಲಿ ಉಳಿಯಿತು. ಒಂದೇ ಗುಡ್ಡೆಯ ಎರಡು ಮಗ್ಗುಲಿನ ಜನ ಎರಡು ರಾಜ್ಯದವರಾದರು. ನಂಟಸ್ತನ, ಭಾಷೆ, ದೇವಸ್ಥಾನದ ಜಾತ್ರೆ ಇವಾವುವೂ ಬೇರೆಯಾಗಲಿಲ್ಲ. ಕಛೇರಿಗಳು ಮಾತ್ರ ಬೇರೆಯಾದವು. ಇಂದು ಈಚೆಯವರ ಬಂಡಿಗೆ ಬಂಟ್ವಾಳದ ಕೆ.ಎ. 70, ಆಚೆಯವರದಕ್ಕೆ ಕಾಸರಗೋಡಿನ ಕೆ.ಎಲ್. 14. ಕಾಯಿದೆಯೇನೋ ಕೇಂದ್ರದ್ದು, ಒಂದೇ. ಪರೀಕ್ಷೆ ನಡೆಸುವವರು ರಾಜ್ಯದವರು.

ಈ ವ್ಯತ್ಯಾಸ ಎದ್ದು ಕಂಡದ್ದು 2024ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಕೇರಳದ ಸಾರಿಗೆ ಇಲಾಖೆ, ಕಾರಿನ ಪರೀಕ್ಷೆಯಲ್ಲಿ ‘ಎಚ್’ ಬಿಡಿಸುವ ಹಳೆಯ ಕ್ರಮವನ್ನು ತೆಗೆದು, ಸಾಲಾಗಿ ನಿಲ್ಲಿಸುವುದು, ಓರೆಯಾಗಿ ನಿಲ್ಲಿಸುವುದು, ಹಾವಿನಂತೆ ಬಳುಕುವ ದಾರಿಯಲ್ಲಿ ಓಡಿಸುವುದು, ಏರಿನಲ್ಲಿ ನಿಲ್ಲಿಸಿ ಹೊರಡುವುದು ಇವುಗಳನ್ನು ತರಬೇಕೆಂದು ಆದೇಶಿಸಿತು. ಮೇ ತಿಂಗಳಿನಿಂದ ಜಾರಿ ಎಂದಾಗ ಚಾಲನಾ ಶಾಲೆಗಳವರು ರಾಜ್ಯದುದ್ದಕ್ಕೂ ಪ್ರತಿಭಟಿಸಿದರು, ಪರೀಕ್ಷೆಗಳು ನಿಂತವು. ಹೊಸ ಅಂಕಣಗಳನ್ನು ಯಾರು ಕಟ್ಟಬೇಕು, ಅದಕ್ಕೆ ನೆಲವೆಲ್ಲಿ, ಖರ್ಚು ಯಾರದು ಎಂಬುದು ಅವರ ಪ್ರಶ್ನೆ. ಮಾತುಕತೆಯಾಗಿ ಮುಷ್ಕರ ಮುಗಿಯಿತು. ವಿವಾದ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು.

ಎರಡು ಪಕ್ಷಗಳ ಮಾತಿನಲ್ಲಿಯೂ ಹುರುಳಿತ್ತು. ಬೀದಿಯಲ್ಲಿ ಬೇಕಾದದ್ದನ್ನೇ ಪರೀಕ್ಷೆಯಲ್ಲಿ ಕೇಳಬೇಕೆಂಬುದು ನ್ಯಾಯ. ಕಲಿಸಲು ನೆಲವಿಲ್ಲದೆ ಕಲಿತಿರಬೇಕೆಂದು ಕೇಳುವುದು ಅನ್ಯಾಯ. ಆದರೆ ಈ ಗದ್ದಲದಲ್ಲಿ ಒಂದು ಸತ್ಯ ಹೊರಬಿತ್ತು. 1939ರಿಂದ ಕಾಯಿದೆಯ ಪುಟದಲ್ಲಿದ್ದ ಒಂದು ಸಾಲನ್ನು ನೆಲದ ಮೇಲೆ ಬರೆಯಲು ಹೊರಟಾಗ ಎಂಬತ್ತೈದು ವರ್ಷ ಕಳೆದಿದ್ದವು.

ಹಿಂದೆ ಯಾರಿದ್ದಾರೆ?

ಇಷ್ಟೆಲ್ಲ ಯಾಕೆ, ಕಾರು ತುಸು ಓರೆಯಾಗಿ ನಿಂತರೆ ಏನಾಯಿತು ಎಂದು ಯಾರಾದರೂ ಕೇಳಬಹುದು. 1988ರ ಕಾಯಿದೆಯ 122ನೆಯ ವಿಧಿ ಇದಕ್ಕೆ ಉತ್ತರ ಕೊಡುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಅಪಾಯವೋ ಅಡ್ಡಿಯೋ ಆಗುವಂತೆ ವಾಹನವನ್ನು ಬಿಟ್ಟು ಹೋಗುವುದು ಅಪರಾಧ. ತಿರುವಿನಲ್ಲಿ, ಏರಿನ ನೆತ್ತಿಯಲ್ಲಿ, ಬಸ್ಸು ನಿಲ್ಲುವಲ್ಲಿ, ಶಾಲೆ ಆಸ್ಪತ್ರೆಗಳ ಬಾಗಿಲಲ್ಲಿ ನಿಲ್ಲಿಸಬಾರದೆಂದು 1989ರ ರಸ್ತೆ ನಿಯಮಗಳು ಬಿಡಿಸಿ ಹೇಳಿದುವು. ಬದಿಗೆ ಸರಿಯಾಗಿ ನಿಲ್ಲಲು ಬಾರದವನು ಕಾಲುದಾರಿಯ ಮೇಲೆ ಎರಡು ಗಾಲಿ ಏರಿಸಿ ನಿಲ್ಲಿಸುತ್ತಾನೆ. ಆಗ ಕೋಲೂರಿ ಬರುವ ಅಜ್ಜನೂ ಚೀಲ ಹೊತ್ತ ಶಾಲೆಯ ಮಗುವೂ ಬಸ್ಸು ಲಾರಿಗಳ ನಡುದಾರಿಗೆ ಇಳಿಯಬೇಕಾಗುತ್ತದೆ. ಒಬ್ಬನ ಕಲಿಯದ ವಿದ್ಯೆಯ ಬೆಲೆಯನ್ನು ಹೀಗೆ ಮತ್ತೊಬ್ಬರು ತೆರುತ್ತಾರೆ.

ಇದಕ್ಕಿಂತ ಗಂಭೀರವಾದದ್ದು ಹಿಂದೆ ಸರಿಯುವ ಹೊತ್ತು. ಕಾರಿನ ಬಾಲದ ಹಿಂದೆ ಕೆಲವು ಅಡಿಗಳಷ್ಟು ನೆಲ ಯಾವ ಕನ್ನಡಿಯಲ್ಲಿಯೂ ಕಾಣುವುದಿಲ್ಲ. ಎರಡು ಮೂರು ವರ್ಷದ ಮಗುವಿನ ಎತ್ತರ ಅಷ್ಟರಲ್ಲಿ ಅಡಗಿಹೋಗುತ್ತದೆ. ಅಮೆರಿಕದಲ್ಲಿ ತಂದೆಯೊಬ್ಬ ಮನೆಯ ಮುಂದೆ ಬಂಡಿಯನ್ನು ಹಿಂದೆ ತರುವಾಗ ಎರಡು ವರ್ಷದ ಸ್ವಂತ ಮಗ ಗಾಲಿಯಡಿಗೆ ಸಿಕ್ಕಿ ತೀರಿಕೊಂಡ. ಆ ಮಗುವಿನ ಹೆಸರಿನಲ್ಲಿಯೇ ಅಲ್ಲಿನ ಶಾಸನಸಭೆ 2008ರಲ್ಲಿ ಕಾಯಿದೆ ಮಾಡಿತು. ಅದರ ಫಲವಾಗಿ 2018ರ ಮೇ ತಿಂಗಳಿನಿಂದ ಅಲ್ಲಿ ಹೊಸ ಕಾರುಗಳಿಗೆಲ್ಲ ಹಿಂಬದಿಯ ಕ್ಯಾಮರ ಕಡ್ಡಾಯವಾಯಿತು. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ, ಹಿಂದೆ ಅಡ್ಡಿಯಿದ್ದರೆ ಸದ್ದು ಮಾಡುವ ಸಾಧನ ಕಡ್ಡಾಯ.

ಕಳೆದುಹೋಗಿದ್ದ ಕ್ಲೀನರ್ ಹೀಗೆ ಯಂತ್ರರೂಪದಲ್ಲಿ ಮರಳಿ ಬಂದಿದ್ದಾನೆ. “ಹೋಲ್ಡಾನ್” ಎನ್ನುವ ಬದಲು ಪೀಂ ಪೀಂ ಎನ್ನುತ್ತಾನೆ. ಉಪಕಾರಿಯೇ; ಆದರೆ ಮೊದಲಿನವನಂತೆ ಇವನಿಗೆ ಬುದ್ಧಿಯಿಲ್ಲ. ಕೆಸರು ಮೆತ್ತಿದರೆ ಇವನಿಗೆ ಕಣ್ಣು ಕಾಣದು; ತೆಳ್ಳಗಿನ ಕಂಬ, ತಗ್ಗಿನ ಕಣಿ ಇವನ ಅರಿವಿಗೆ ಬಾರದಿರಬಹುದು. ಹಳೆಯ ಕಾರುಗಳಲ್ಲಿ ಇವನೂ ಇಲ್ಲ. ಆದ್ದರಿಂದ ಹೊರಡುವ ಮೊದಲು ಕಾರಿಗೆ ಒಂದು ಸುತ್ತು ಬರುವುದು, ಅಂಗಳದಲ್ಲಿ ಆಡುವ ಮಕ್ಕಳನ್ನು ಜಗಲಿಗೆ ಕರೆದು ಕೂರಿಸಿದ ಮೇಲೆಯೇ ಕೀಲಿ ತಿರುಗಿಸುವುದು, ಈ ಎರಡು ಅಭ್ಯಾಸಗಳಿಗೆ ಸಮನಾದ ಸಾಧನ ಇನ್ನೂ ಹುಟ್ಟಿಲ್ಲ.

ತೇರು ನಿಲ್ಲುವ ಹೊತ್ತಿಗೆ ಮೇಲೆ ಕುಳಿತ ದೇವರನ್ನು ಎಲ್ಲರೂ ನೋಡುತ್ತಾರೆ; ಅಡೆ ಹಿಡಿದವನು ಮಾತ್ರ ಗಾಲಿಯ ಬುಡವನ್ನೇ ನೋಡುತ್ತಿರುತ್ತಾನೆ. ಕಾರು ಕಲಿಯುವ ಮಗನಿಗೋ ಮಗಳಿಗೋ ಮುಂದೆ ಓಡಿಸುವುದನ್ನು ಒಂದು ವಾರದಲ್ಲಿ ಕಲಿಸಿಬಿಡಬಹುದು. ಹಿಂದೆ ನೋಡಿ ನಿಲ್ಲಿಸುವುದನ್ನು ಕಲಿಸಲು ಮತ್ತೆರಡು ವಾರ ಬೇಕಾದರೆ, ಆ ಎರಡು ವಾರಗಳನ್ನು ಕೊಡೋಣ.